ಮುಚ್ಚಳ ತೆಗೆಯದ ಒಂದೇ ಗಾಡಿ

ಸಾಯಪ್ಪನ ಮಣ್ಣು ಮುಗಿದ ಮೂರನೆಯ ದಿನ ಅವನ ಹೆಂಡತಿ ಲಚ್ಚಮ್ಮ ಗಂಡನ ಗೆಳೆಯ ಮನ್ಮಥಪ್ಪನನ್ನು ಒಳಮನೆಗೆ ಕರೆದಳು. ಹೊರಗೆ ಪಡಸಾಲೆಯಲ್ಲಿ ನಾರಾಯಣಖೇಡದಿಂದ ಬಂದ ಮಗಳು, ಅಳಿಯ, ಓಣಿಯ ನಾಲ್ಕು ಹೆಂಗಸರು ಕೂತಿದ್ದರು. ಬುದ್ಧನ ಪಟದ ಮುಂದಿನ ಮೇಣದಬತ್ತಿ ಅರ್ಧ ಉರಿದಿತ್ತು.

"ಅಣ್ಣಾ, ನಿಮಗ ಒಂದ್ ಮಾತು ಕೇಳ್ತೀನ್ರಿ. ಮುಚ್ಚಿಡಬ್ಯಾಡ್ರಿ," ಅಂದಳು ಲಚ್ಚಮ್ಮ. "ಪ್ರತಿ ಐತವಾರ ಇಂವ ಎಲ್ಲಿಗಿ ಹೋಗ್ತಿದ್ದ?"

ಸಾಯಪ್ಪ ಸತ್ತದ್ದು ಭಾನುವಾರ ಸಂಜೆ, ವಿಕಾರಾಬಾದಿನ ಬಸ್‌ ನಿಲ್ದಾಣದಲ್ಲಿ. ಕಲ್ಲುಬೆಂಚಿನ ಮೇಲೆ ಕೂತವನು ಕೂತಂತೆಯೇ ವಾಲಿದ್ದ. ಎದೆ ನಿಂತಿತ್ತು. ಕಿಸೆಯಲ್ಲಿ ತಾಂಡೂರಿನಿಂದ ಬಂದ ಬಸ್ಸಿನ ಚೀಟಿ ಇತ್ತು.

"ನಾಕ್ ತಿಂಗಳಾತ್ರಿ ಗಾಡಿ ನೋಡೋ ಕೆಲಸ ಬಿಟ್ಟು. ಕಣ್ಣು ಮಂದ ಆಗ್ಯಾವ ಅಂದ. ಮತ್ತ ಐತವಾರ ಬಂದ್ರ ಇಸ್ತ್ರಿ ಅಂಗಿ ಹಾಕ್ಕೊಂಡು ಮುಂಜಾನಿ ಮೊದಲ್ನೇ ಬಸ್ಸು. ಕೇಳಿದ್ರ, ಕೆಲಸ ಅದ ಅಂತಿದ್ದ." ಅವಳು ಸೆರಗಿನ ಗಂಟಿನಿಂದ ಗಂಡನ ಫೋನು ತೆಗೆದಳು. "ಇದರಾಗ ಒಂದ್ ಹೆಸರು ಅದ. ಬಾಜೂಮನಿ ಸುಗಲಾಬಾಯಿ ಓದಿದ್ಳು. ಓದಿ ನಕ್ಕಳು."

ಮನ್ಮಥಪ್ಪ ಕನ್ನಡಕ ಏರಿಸಿ ನೋಡಿದ. 'ಹಣಮಮ್ಮ ತಾಂಡೂರ.' ಶನಿವಾರಕ್ಕೊಂದು ಕರೆ, ಎಲ್ಲ ವಾರವೂ.

ಆ ಹೆಸರು ಅವನಿಗೆ ಗೊತ್ತಿತ್ತು. ಫೋನನ್ನು ಹಿಂದಕ್ಕೆ ಕೊಟ್ಟ.

"ನನಗ ಗೊತ್ತಿಲ್ಲಮ್ಮಾ," ಅಂದ.

ಪಡಸಾಲೆ ದಾಟುವಾಗ ಸುಗಲಾಬಾಯಿ ಪಕ್ಕದವಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಗಂಡಸು ಸಾಯೋತನಕ ಸುದ್ದ ಇರ್ತಾನ. ಸತ್ತಮ್ಯಾಲ ಫೋನು ಮಾತಾಡ್ತದ."

ಮನ್ಮಥಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾಲ್ವತ್ತು ವರ್ಷದ ಗೆಳೆಯನ ಹೆಸರು ಓಣಿಯಲ್ಲಿ ಕೆಡುತ್ತಿತ್ತು. ಅದನ್ನು ನಿಲ್ಲಿಸುವ ಮಾತು ಅವನೊಬ್ಬನ ಬಳಿಯೇ ಇತ್ತು.

*

ಇಬ್ಬರೂ ಜಹೀರಾಬಾದಿನ ಒಂದೇ ಶಾಲೆಯಲ್ಲಿ ಓದಿದವರು. ಮನ್ಮಥಪ್ಪ ತಂದೆಯ ಪುಸ್ತಕದಂಗಡಿಯಲ್ಲಿ ಕೂತ. ಸಾಯಪ್ಪ ಏಳನೆಯ ಇಯತ್ತೆಗೆ ಬಿಟ್ಟು ಹೆದ್ದಾರಿಯ ಬದಿಯ ಲಾರಿ ಗ್ಯಾರೇಜಿಗೆ ಸೇರಿದ. ಹದಿನೈದು ವರ್ಷ ರೇಡಿಯೇಟರು ಬಿಚ್ಚಿದ, ಬೆಸುಗೆ ಹಾಕಿದ, ಕಟ್ಟಿದ. ಆಮೇಲೆ ಸ್ವಂತ ಗ್ಯಾರೇಜು ತೆರೆಯುವ ಬದಲು ಯಾರೂ ಮಾಡದ ಒಂದು ಕೆಲಸ ಹಿಡಿದ. ಹಳೆಯ ಡೀಸೆಲ್ ಗಾಡಿ ಕೊಳ್ಳುವವರ ಜೊತೆ ಹೋಗಿ, ಅದರ ನೀರು ನೋಡಿ, ತಗೋರಿ ಅಥವಾ ಬ್ಯಾಡ್ರಿ ಅನ್ನುವ ಕೆಲಸ. ನಾರಾಯಣಖೇಡದಿಂದ ತಾಂಡೂರಿನವರೆಗೆ ಜನ ಅವನನ್ನು 'ನೀರು ನೋಡೋ ಸಾಯಪ್ಪ' ಅನ್ನುತ್ತಿದ್ದರು.

ಅವನು ಬಣ್ಣ ನೋಡುತ್ತಿರಲಿಲ್ಲ, ಸೀಟು ನೋಡುತ್ತಿರಲಿಲ್ಲ, ಟೈರಿಗೆ ಒದೆಯುತ್ತಿರಲಿಲ್ಲ. "ಡೀಸೆಲ್ ಇಂಜಿನ್ ಸಾಯೋದು ಬಿಸಿಯಿಂದ. ಬಿಸಿಗಿ ನೀರೇ ಔಷಧ. ಔಷಧದ ಶೀಷಾ ನೋಡಿದ್ರ ರೋಗ ತಿಳೀತದ," ಅನ್ನುತ್ತಿದ್ದ.

ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರುತ್ತಿದ್ದ. ತಣ್ಣಗಿದ್ದರೆ ಮಾತ್ರ ಮುಂದಿನದು. ರೇಡಿಯೇಟರಿನ ಮುಚ್ಚಳ ತೆಗೆದು ಎರಡು ಬೆರಳು ಅದ್ದಿ ಉಜ್ಜಿ ಮೂಸುತ್ತಿದ್ದ. ಕೆಂಪು ಕೆಸರಿದ್ದರೆ ಒಳಗೆ ತುಕ್ಕು, ಮೇಲೆ ಎಣ್ಣೆಯ ಪೊರೆ ತೇಲಿದರೆ ಎಂಜಿನ್ ಹೆಡ್ಡಿನ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿದೆ ಎಂದು. ಎಂಜಿನ್ ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಜಿಡ್ಡು ಇದೆಯೇ ಎಂದು ನೋಡುತ್ತಿದ್ದ. ಆಮೇಲೆ ಮುಚ್ಚಳ ತೆಗೆದಿಟ್ಟೇ ಗಾಡಿ ಚಾಲೂ ಮಾಡಿಸಿ ನೀರನ್ನೇ ದಿಟ್ಟಿಸುತ್ತ ನಿಲ್ಲುತ್ತಿದ್ದ. ಮೊದಲ ಒಂದೆರಡು ಗುಳ್ಳೆ ಬಂದು ನಿಂತರೆ ಸರಿ. ಅನ್ನದ ಗಡಿಗೆಯಂತೆ ಬರುತ್ತಲೇ ಇದ್ದರೆ ಒಳಗಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂದು ಅರ್ಥ. ಕೊನೆಗೆ ರೇಡಿಯೇಟರಿಗೆ ಕೂಡಿದ ಬಾಟಲಿಯ ಮೇಲೆ ನೀರಿನ ಮಟ್ಟಕ್ಕೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದು, ಹತ್ತು ಮೈಲಿ ಓಡಿಸಿ, ಮರುದಿನ ಬೆಳಿಗ್ಗೆ ಆ ಗೆರೆಗೆ ನೀರು ಇದೆಯೇ ನೋಡಿದ ಮೇಲೆಯೇ ಅವನ ಮಾತು. ಮಾರ್ಕರು ಮನ್ಮಥಪ್ಪನ ಅಂಗಡಿಯದು.

ಇನ್ನೊಂದು ಪದ್ಧತಿ ಇತ್ತು. ಮುಚ್ಚಳ ಹಾಕುವಾಗ ಕೊಳ್ಳುವವರ ಕೈಯನ್ನೇ ಹಿಡಿದು ಅದರ ಮೇಲೆ ಇಡಿಸುತ್ತಿದ್ದ. "ಇದು ನಿಮ್ಮ ಗಾಡಿ ಆತು. ಬಿಸಿ ಇದ್ದಾಗ ಇದಕ್ಕ ಕೈ ಹಚ್ಚಬ್ಯಾಡ್ರಿ. ಒಳಗ ನೀರು ಹುಲಿ ಇದ್ದಂಗ ಕುಂತಿರ್ತದ. ಎರಡ್ ತಾಸು ಬಿಡ್ರಿ, ಆಮ್ಯಾಲ ತೆಗೀರಿ." ಪ್ರತಿಯೊಬ್ಬರಿಗೂ ಅದೇ ಮಾತು, ಅದೇ ಹುಲಿ.

ಒಮ್ಮೆ ನಾರಾಯಣಖೇಡದ ಈಶಪ್ಪ ಅನ್ನುವವನ ಪಿಕಪ್ ನೋಡಲು ಹೋದಾಗ ಬಾನೆಟ್ಟು ಕಾದಿತ್ತು. ಸಾಯಪ್ಪ ಚಹಾ ಕುಡಿದು ಎದ್ದ.

"ಏನೋ ಸಾಯಪ್ಪಾ, ಗಾಡಿ ನೋಡಾಕ ಬಂದಿಯೋ, ಜ್ವರಾ ನೋಡಾಕ ಬಂದಿಯೋ?" ಈಶಪ್ಪ ನಕ್ಕ.

"ಮಂದಿ ಜ್ವರಾ ಇಳ್ಸಾಕ ಗುಳಿಗಿ ಕೊಡ್ತಾರ್ರಿ. ನೀವು ಮುಂಜಾನಿ ಎದ್ದು ಜ್ವರಾ ಬರ್ಸೀರಿ. ಏನೋ ಇರ್ಬೇಕಲ್ಲ. ನಾಳಿ ಬರ್ತೀನಿ, ತಣ್ಣಗ ಇಡ್ರಿ."

ಮರುದಿನ ಬರಲು ಈಶಪ್ಪನೇ ಬೇಡ ಅಂದ. ಈ ಕಥೆಯನ್ನು ಸಾಯಪ್ಪ ಅಂಗಡಿಯಲ್ಲಿ ಹೇಳಿ ನಗುವಾಗ ಮನ್ಮಥಪ್ಪ ಎಷ್ಟು ಸಲ ಜೊತೆಗೆ ನಕ್ಕಿದ್ದನೋ. ಬಿಸಿ ಗಾಡಿ ತೋರಿಸಿದವನು ಏನನ್ನೋ ಮುಚ್ಚುತ್ತಿದ್ದಾನೆ ಎಂದು ಅವನಿಗೆ ಕಲಿಸಿದವನೇ ಸಾಯಪ್ಪ. ಹಳೆಯ ಗಾಡಿಯಲ್ಲಿ ನೀರಿನ ಬದಲು ಹಾಕುವ ಹಸಿರು ಕೂಲೆಂಟು ಹೊಚ್ಚ ಹೊಸದಾಗಿ ಕಂಡರೆ ಹಿಂದೆ ಇದ್ದ ನೀರು ಹೇಗಿತ್ತೆಂದು ಕೇಳಬೇಕು ಎಂದು ಕಲಿಸಿದವನೂ ಅವನೇ.

*

ಮನ್ಮಥಪ್ಪನ ಮನೆಯ ಡೀಸೆಲ್ ಜೀಪು ಅವನ ತಂದೆ ತೆಗೆದುಕೊಂಡದ್ದು. ಸಾಯಪ್ಪ ತನ್ನ ಬಾಳಿನಲ್ಲಿ ನೀರು ನೋಡಿ 'ತಗೋರಿ' ಅಂದ ಮೊದಲ ಗಾಡಿ ಅದೇ. ವಿಭೂತಿ ಹಚ್ಚದೆ ನೀರೂ ಕುಡಿಯದ ಆ ಹಿರಿಯ, ನಾಲ್ಕು ಜನರ ಎದುರಿಗೆ ಕೀಲಿಯನ್ನು ಸಾಯಪ್ಪನ ಕೈಗೆ ಕೊಟ್ಟು, "ಇಂವ ಹೂಂ ಅಂದ್ರ ಹೂಂ," ಅಂದಿದ್ದ. ಅಲ್ಲಿಂದಲೇ ಸಾಯಪ್ಪನಿಗೆ ಹೆಸರು ಬಂತು.

ತಂದೆ ಹೋದ ಮೇಲೆ ಜೀಪು ಮನ್ಮಥಪ್ಪನ ಪಾಲಿಗೆ ಬಂತು. ಅವನಿಗೆ ಓದುವ ಹುಚ್ಚು. ಗಾಡಿಯ ಕಡೆ ಲಕ್ಷ್ಯವಿಲ್ಲ. "ಬೋರಿನ ನೀರು ಹಾಕಬ್ಯಾಡೋ, ಅದರಾಗ ಸುಣ್ಣ ಅದ, ಒಳಗ ಕಟ್ಟಿಗೊಳ್ತದ," ಎಂದು ಸಾಯಪ್ಪ ಹತ್ತು ಸಲ ಹೇಳಿದ್ದ. ಹೂಂ ಅಂದು ಮನ್ಮಥಪ್ಪ ಅದನ್ನೇ ಹಾಕಿದ. ಕೊನೆಯ ಎರಡು ವರ್ಷ ಗಾಡಿ ವಾರಕ್ಕೊಂದು ತಂಬಿಗೆ ನೀರು ಕುಡಿಯುತ್ತಿತ್ತು. ಕೆಳಗೆ ಒಂದು ಹನಿ ಸೋರುತ್ತಿರಲಿಲ್ಲ. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಸಾಯಪ್ಪನನ್ನು ಕೇಳಬೇಕಿತ್ತು. ಕೇಳಿದರೆ ಬೋರಿನ ನೀರಿನ ಮಾತು ಬರುತ್ತಿತ್ತು. ಐವತ್ತಾರು ವರ್ಷದವನಿಗೆ ಗೆಳೆಯನ ಮುಂದೆ ಬೈಸಿಕೊಳ್ಳಲು ನಾಚಿಕೆಯಾಯಿತು. ಇಷ್ಟೇ. ದೊಡ್ಡ ಕಾರಣ ಏನೂ ಇರಲಿಲ್ಲ.

ಕಳೆದ ದಸರೆಯ ಮುಂದೆ ಜೀಪು ಕೊಳ್ಳಲು ತಾಂಡೂರಿನ ಹಣಮಮ್ಮ ಬಂದಳು. ಬಶೀರಾಬಾದಿನ ಕಡೆಯ ಕಲ್ಲಿನ ಗಣಿಗಳಿಗೆ ಮಧ್ಯಾಹ್ನದ ರೊಟ್ಟಿ, ಅನ್ನ, ಬೇಳೆಯ ಪಪ್ಪು ಒಯ್ದು ಹಾಕುವವಳು. "ಸಾಯಪ್ಪ ನೋಡಿದ್ರ ನಾ ಕಣ್ಣು ಮುಚ್ಚಿ ಒಯ್ತೀನಿ," ಅಂದಿದ್ದಳು ಫೋನಿನಲ್ಲಿ.

ಹಿಂದಿನ ದಿನ ಮನ್ಮಥಪ್ಪ ಅಂಗಳದಲ್ಲಿ ರೇಡಿಯೇಟರಿನ ಕೆಳಗಿನ ನಳ ತಿರುಗಿಸಿದ. ಇಟ್ಟಿಗೆಯ ಬಣ್ಣದ ನೀರು ಹರಿಯಿತು. ಕೊಳವೆ ಹಿಡಿದು ತೊಳೆದ. ಹೊಸ ಹಸಿರು ಕೂಲೆಂಟು ತುಂಬಿದ. ಮರುದಿನ ಬೆಳಿಗ್ಗೆ ಬೀದರ ರಸ್ತೆಯಲ್ಲಿ ದೂರದವರೆಗೆ ಓಡಿಸಿ ತಂದು ಮನೆ ಮುಂದೆ ನಿಲ್ಲಿಸಿದ.

ಸಾಯಪ್ಪ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿದ. ಕೈ ಅಲ್ಲೇ ನಿಂತಿತು.

"ಬಿಸಿ ಅದಲ್ಲ."

"ಡೀಸೆಲ್ ಹಾಕಿಸ್ಲಾಕ ಹೋಗಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಅವನು ನಾಳೆ ಬರ್ತೀನಿ ಅನ್ನುತ್ತಿದ್ದ. ಅಂದು ಗೆಳೆಯನ ಮುಖ ನೋಡಿದ.

"ನೀರು ಇಳೀತದೇನು, ಮನ್ಮಥಾ?"

"ಇಲ್ಲ."

ಸಾಯಪ್ಪ ಬಾನೆಟ್ಟಿನಿಂದ ಕೈ ತೆಗೆದ. "ಇದು ನಮ್ಮನಿ ಗಾಡಿ ಇದ್ದಂಗಮ್ಮಾ," ಅಂದ ಹಣಮಮ್ಮನಿಗೆ. "ಇದರ ಮುಚ್ಚಳ ನಾ ಏನ್ ತೆಗೀಲಿ. ಇಂವ ಇಲ್ಲ ಅಂದಮ್ಯಾಲ ಇಲ್ಲ. ತಗೋರಿ."

ಮುಚ್ಚಳ ತೆಗೆಯಲಿಲ್ಲ. ಆದ್ದರಿಂದ ಹಣಮಮ್ಮನ ಕೈ ಹಿಡಿದು ಮುಚ್ಚಳದ ಮೇಲೆ ಇಡಿಸುವುದೂ ಆಗಲಿಲ್ಲ. ಹುಲಿಯ ಮಾತನ್ನು ಅವನು ಹೇಳದೆ ಉಳಿದದ್ದು ಅದೊಂದೇ ಗಾಡಿಗೆ.

ಒಂದು ತಿಂಗಳಾದ ಮೇಲೆ ತಾಂಡೂರಿನ ನಂಬರಿನಿಂದ ಮನ್ಮಥಪ್ಪನಿಗೆ ಎರಡು ಸಲ ಫೋನು ಬಂತು. ಅವನು ಎತ್ತಲಿಲ್ಲ. ಮೂರನೆಯ ಸಲ ಬರಲಿಲ್ಲ. ಅದೇ ವಾರ ಸಾಯಪ್ಪ ಗಾಡಿ ನೋಡುವುದನ್ನು ಬಿಟ್ಟ. ಸಂಜೆ ಎಂದಿನಂತೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಅರ್ಧ ಚಹಾ ಕುಡಿದು, ಪೇಪರು ತಿರುವಿ ಹೋಗುತ್ತಿದ್ದ. ಸಂಕ್ರಾಂತಿಯ ಹಿಂದುಮುಂದು ಒಂದು ದಿನ ಮಾರ್ಕರು ಕೇಳಿ ಕಿಸೆಗೆ ಹಾಕಿಕೊಂಡು, ಎದ್ದವನು ಮತ್ತೆ ಕೂತ.

"ಮನ್ಮಥಾ, ನನಗೇನರ ಹೇಳೋದಿತ್ತೇನು ನಿಂಗ?"

"ಏನಿಲ್ಲಲ್ಲ. ಯಾಕ?"

"ಸುಮ್ನ ಕೇಳ್ದೆ."

ಚಹಾದ ಲೋಟವನ್ನು ತಾನೇ ತೊಳೆದಿಟ್ಟು ಹೋದ. ಅಂದೂ ಮನ್ಮಥಪ್ಪ ಹೇಳಲಿಲ್ಲ.

*

ಲಚ್ಚಮ್ಮನ ಮುಂದೆ ಗೊತ್ತಿಲ್ಲ ಅಂದು ಬಂದ ನಾಲ್ಕನೆಯ ದಿನ, ಭಾನುವಾರ, ಅವನು ಮೊದಲ ಬಸ್ಸು ಹತ್ತಿದ. ವಿಕಾರಾಬಾದಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವಾಗ ಆ ಕಲ್ಲುಬೆಂಚನ್ನು ನೋಡಲಿಲ್ಲ. ಅನಂತಗಿರಿಯ ಇಳಿಜಾರು, ಧಾರೂರು ದಾಟಿ ತಾಂಡೂರು ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ಹಣಮಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜೀಪು ಹೊರಗೇ ನಿಂತಿತ್ತು.

ಬಾಗಿಲು ತೆರೆದವಳ ಬಲಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಬೇರೆ ಬಣ್ಣದ್ದಾಗಿತ್ತು. ಚರ್ಮ ನುಣ್ಣಗೆ, ಗುಲಾಬಿಯಾಗಿ, ನೆರಿಗೆ ಕಟ್ಟಿತ್ತು. ಮನ್ಮಥಪ್ಪ ಅದನ್ನೇ ನೋಡುತ್ತ, ಜಹೀರಾಬಾದಿನಿಂದ ಬಂದೆ ಅಂದ.

"ಸಾಯಪ್ಪ ಬರ್ಲಿಲ್ಲೇನ್ರಿ? ನಿನ್ನಿ ಫೋನ್ ಹಚ್ಚಿದ್ರ ಯಾರೂ ಎತ್ತಲಿಲ್ಲ," ಅಂದಳು.

ಹೇಳಿದ. ಅವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಆಮೇಲೆ ಅವಳೇ ಶುರು ಮಾಡಿದಳು.

ಗಣಿಯಿಂದ ಮೇಲೆ ಬರುವ ಏರಿನಲ್ಲಿ ಗಾಡಿ ಕುದ್ದು ನಿಂತಿತ್ತು. ಡ್ರೈವರು ನೀರು ತರಲು ಹೋಗಿದ್ದ. ಮುಂದಿನ ಗಣಿಯಲ್ಲಿ ನೂರು ಜನ ಊಟಕ್ಕೆ ಕಾದಿದ್ದರು. "ಗಡಿಗಿ ಮುಚ್ಚಳ ತೆಗೆದಂಗ ಇದರ ಮುಚ್ಚಳ ತೆಗೆದೆರಿ. ನನಗೇನ್ ಗೊತ್ತು. ಅನ್ನ ಬೇಯ್ಸೋಳು ನಾ, ಉಗಿ ಅಂದ್ರ ಉಗಿ ಅನ್ಕೊಂಡೆ." ಮೊದಲು ಮನ್ಮಥಪ್ಪನಿಗೆ ಫೋನು ಮಾಡಿದ್ದಳು. ಆಮೇಲೆ ಸಾಯಪ್ಪನಿಗೆ.

"ಮರುದಿನಾನೇ ಬಂದ. ನನ್ನ ಕೈ ನೋಡಿದ. ಗಾಡಿ ಮುಚ್ಚಳ ತೆಗೆದು ಬೆರಳು ಹಾಕಿದ, ಮೂಸಿ ನೋಡಿದ. ಮ್ಯಾಲ ಹಸಿರು, ಬೆರಳಿಗಿ ಕೆಂಪು ಹತ್ತಿತ್ತು. ಹಂಗೇ ಕುಂತ. ಕೊಟ್ಟ ಚಹಾ ಆರಿಹೋತು, ಕುಡೀಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾರಿದವ್ರು ಮೋಸಾ ಮಾಡ್ಯಾರೇನು ಅಂತ ನಾ ಕೇಳ್ದೆ. ಇಲ್ಲಮ್ಮಾ, ಅವಂಗ ಪುಸ್ತಕ ಬಿಟ್ರ ಏನೂ ತಿಳಿಯಂಗಿಲ್ಲ, ತಪ್ಪು ನಂದು, ನಾ ಮುಚ್ಚಳ ತೆಗೀಲಿಲ್ಲ ಅಂದ."

ನಾಲ್ಕು ಭಾನುವಾರ ಅವನೇ ಎಂಜಿನ್ನು ಬಿಚ್ಚಿದನಂತೆ. ಹೆಡ್ಡನ್ನು ಲೇತಿನಲ್ಲಿ ಸಾಪು ಮಾಡಿಸಿ ತಂದು, ಹೊಸ ಗ್ಯಾಸ್ಕೆಟ್ ಕೂಡಿಸಿ, ರೇಡಿಯೇಟರಿನ ಸುಣ್ಣ ಕೆತ್ತಿ ಕಟ್ಟಿದನಂತೆ. ಭಾನುವಾರವೇ ಏಕೆಂದರೆ ಗಣಿಗೆ ರಜೆ, ಗಾಡಿ ಶನಿವಾರ ಮಧ್ಯಾಹ್ನದಿಂದ ನಿಂತು ತಣ್ಣಗಿರುತ್ತಿತ್ತು. ಶನಿವಾರ ಅವಳು ಗಾಡಿ ಮನೆಯಲ್ಲಿದೆ ಎಂದು ಫೋನು ಮಾಡಬೇಕು. ಅಷ್ಟೇ ಆ ಕರೆಗಳು.

ಅವಳು ಬಾನೆಟ್ಟು ಎತ್ತಿಸಿದಳು. ಹಳೆಯ ಜೀಪಿಗೆ ನೀರಿನ ಬಾಟಲಿ ಇರಲಿಲ್ಲ. ಸಾಯಪ್ಪ ಬಿಳಿ ಪ್ಲಾಸ್ಟಿಕ್ಕಿನದೊಂದನ್ನು ಪಟ್ಟಿ ಹಾಕಿ ಕೂಡಿಸಿದ್ದ. ಅದರ ಮೈಮೇಲೆ ಕಪ್ಪು ಮಾರ್ಕರಿನ ಗೆರೆಗಳು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು. ಮೊದಲ ಮೂರು ಗೆರೆ ಒಂದರ ಕೆಳಗೊಂದು ಇಳಿದಿದ್ದವು. ಆಮೇಲಿನವೆಲ್ಲ ಒಂದೇ ಜಾಗದಲ್ಲಿ ಬಿದ್ದು ದಪ್ಪಗಾಗಿದ್ದವು. ತಾರೀಖಿಗೆ ಜಾಗ ಸಾಲದೆ ಬಾಟಲಿಯ ಹಿಂದೆ ಬರೆದಿದ್ದ. ಕೊನೆಯ ತಾರೀಖು ಅವನು ಸತ್ತ ದಿನದ್ದು.

"ನೀರು ಇಳೀಲಕತ್ತಿಲ್ಲಲ್ಲ, ಇನ್ ಯಾಕ್ ಬರ್ತೀ ಅಂದ್ರ, ಇನ್ನೊಂದ್ ವಾರ ನೋಡ್ತೀನಿ ಅಂತಿದ್ದ," ಅಂದಳು ಹಣಮಮ್ಮ. "ನೀವ್ ಅವಂಗ ಏನಾಗ್ಬೇಕ್ರಿ? ಎಲ್ಲೋ ನೋಡಿದಂಗ ಅದ."

"ಗಾಡಿ ಮಾರಿದಾಂವ ನಾನೇ. ನೀರು ಇಳೀತಿತ್ತು. ನನಗ ಗೊತ್ತಿತ್ತು. ಇಲ್ಲ ಅಂದೆ."

ಸುಟ್ಟ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

"ಅಂವಗೂ ಗೊತ್ತಿತ್ತು," ಅಂದಳು. "ಆ ಚಹಾ ಆರಿದ ದಿನಾನೇ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

*

ಜಹೀರಾಬಾದಿಗೆ ಮರಳುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಮನ್ಮಥಪ್ಪ ಮನೆಗೆ ಹೋಗಲಿಲ್ಲ, ಅಂಗಡಿಗೂ ಹೋಗಲಿಲ್ಲ. ಲಚ್ಚಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮಗಳು ಊರಿಗೆ ಹೋಗಿದ್ದಳು.

"ಬರ್ರಿ ಅಣ್ಣಾ. ಚಹಾ ಇಡ್ತೀನಿ."

"ಬ್ಯಾಡ. ಮೊದಲ ಕೇಳು."

ನಿಂತೇ ಹೇಳಿದ. ಎಲ್ಲವನ್ನೂ ಹೇಳಿದನೆಂದು ಅವನಿಗೆ ಅನ್ನಿಸಿತು, ಆದರೆ ನಡುವೆ ಎರಡು ಸಲ ಲಚ್ಚಮ್ಮ ತಡೆದು ಕೇಳಬೇಕಾಯಿತು. ಮುಂಜಾನೆ ಗಾಡಿ ಓಡಿಸಿ ತಂದದ್ದನ್ನು ಅವನು ಬಿಟ್ಟಿದ್ದ. ಫೋನು ಎತ್ತದಿದ್ದುದನ್ನೂ ಬಿಟ್ಟಿದ್ದ.

ಅವಳು ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಕಾಳನ್ನು ಬೆರಳಿನಿಂದ ಹಿಂದೆ ಮುಂದೆ ಉರುಳಿಸಿದಳು.

"ನಿಮಗ ಆ ಹೆಸರು ಓದಿದ ಕೂಡ್ಲೇ ಗೊತ್ತಾಗಿತ್ತು."

"ಹೂಂ."

"ಆ ದಿನ ಹೇಳಿದ್ರ ನಾ ನಾಕ್ ರಾತ್ರಿ ಅಂವಗ ಬೈತಿರ್ಲಿಲ್ಲ."

ಮನ್ಮಥಪ್ಪ ತಲೆ ತಗ್ಗಿಸಿದ. ಸಾಯಪ್ಪನ ಹಳೆಯ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇತ್ತು, ಹಿಮ್ಮಡಿಯ ಹೊರಬದಿ ಸವೆದು. ಸಾಯಪ್ಪ ಯಾವತ್ತೂ ಕಾಲಿನ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದ. ನಾಲ್ವತ್ತು ವರ್ಷ ಜೊತೆ ನಡೆದೂ ಅದನ್ನು ಈಗ ಗಮನಿಸಿದ.

"ಅಂವ ಜೀವ ಇದ್ದಾಗ ಒಮ್ಮೆ ಕೇಳಿದ್ದ," ಅಂದ ಮನ್ಮಥಪ್ಪ. "ಹೇಳೋದೇನರ ಅದ ಏನು ಅಂತ. ಆಗೂ ಹೇಳ್ಲಿಲ್ಲ."

ಲಚ್ಚಮ್ಮ ಮೊರ ಕೆಳಗಿಟ್ಟು ಎದ್ದಳು. ಅಡಿಗೆಮನೆಯ ಕಡೆ ಹೋಗಲಿಲ್ಲ. ಪಕ್ಕದ ಗೋಡೆಯ ಬಳಿ ಹೋಗಿ, ದನಿ ಏರಿಸದೆ, "ಸುಗಲಾಬಾಯಿ, ಜರಾ ಬಾ ಇಲ್ಲಿ. ಹಂಗೇ ಎದುರುಮನಿ ಲಕ್ಷ್ಮಣನ ತಾಯಿಗೂ ಕರಿ," ಅಂದಳು.

ಸುಗಲಾಬಾಯಿ ಕೈ ಒರೆಸಿಕೊಳ್ಳುತ್ತ ಬಂದಳು, ಅವಳ ಹಿಂದೆ ಇನ್ನೂ ಇಬ್ಬರು. ಮನ್ಮಥಪ್ಪನನ್ನು ಕಂಡು ಸೆರಗು ಸರಿ ಮಾಡಿಕೊಂಡರು.

"ಏನಾತ್ರಿ ಅಕ್ಕಾ?"

ಲಚ್ಚಮ್ಮ ಅವರ ಕಡೆ ನೋಡಲಿಲ್ಲ. ಮನ್ಮಥಪ್ಪನನ್ನು ನೋಡಿದಳು. ಮದುವೆಯಾಗಿ ಬಂದ ದಿನದಿಂದ ಅಣ್ಣಾ ಎಂದವಳು.

"ಸಾವ್ಕಾರ್ರೆ," ಅಂದಳು, "ಈಗ ನನ್ನ ಮುಂದ ಹೇಳಿದ್ದು ಇವ್ರ ಮುಂದೂ ಹೇಳ್ರಿ. ಏನೂ ಬಿಡಬ್ಯಾಡ್ರಿ."

ಅಂಗಳದಲ್ಲಿ ಹೆಂಗಸರು ಕೂತರು. ಮನ್ಮಥಪ್ಪನಿಗೆ ಯಾರೂ ಕೂಡಲು ಹೇಳಲಿಲ್ಲ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ನಮ್ಮಪ್ಪನ ಜೀಪಿಗಿ ನಾ ಬೋರಿನ ನೀರು ಹಾಕ್ತಿದ್ದೆ," ಎಂದು ಮೊದಲಿನಿಂದ ಶುರು ಮಾಡಿದ. "ಹಾಕಬ್ಯಾಡ ಅಂತ ಸಾಯಪ್ಪ ಹೇಳಿದ್ದ."